ಕೊಲೈಟಿಸ್ ಇರುವವರು ಇಮ್ಯುನಿಟಿ ಹೆಚ್ಚಿಸಿಕೊಳ್ಳಲು ಹೋಗಬೇಡಿ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಈಗ ಹತೋಟಿಯಲ್ಲಿದೆ, ಮಾತ್ರೆ ಬಿಟ್ಟು ಇಮ್ಯುನಿಟಿ ಹೆಚ್ಚಿಸಿಕೊಳ್ಳಲು ಏನು ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಇದನ್ನೇ ಮಾಡಿದವನು.

ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಶುರು ಮಾಡಿದ ಮೇಲೆ ಮಲದಲ್ಲಿ ರಕ್ತ ಹೋಗುವುದು ನಿಂತಿತ್ತು. ಬಸ್ಸು ಹತ್ತಲು ಹೆದರಿಕೆ ಇರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ, "ಇನ್ನೂ ಎಷ್ಟು ದಿನ ಅಂತ ಇಂಗ್ಲಿಷ್ ಮಾತ್ರೆ ನುಂಗ್ತೀಯೋ, ಮೈಯಲ್ಲಿ ಶಕ್ತಿ ಇಲ್ಲದ್ದಕ್ಕೇ ಕಾಯಿಲೆ ಬಂದಿರೋದು" ಅಂದರು. ನನಗೂ ಹೌದಲ್ವಾ ಅನ್ನಿಸಿತು. ಮಾತ್ರೆ ಬಿಟ್ಟೆ. ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ. ಡಾಕ್ಟರಿಗೆ ಹೇಳಲಿಲ್ಲ.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಹೊಟ್ಟೆನೋವಿಲ್ಲ, ರಕ್ತವಿಲ್ಲ, ಹಾಗಾದರೆ ಕಾಯಿಲೆಯೂ ಇಲ್ಲ ಅಂದುಕೊಂಡಿದ್ದೆ. ಆದರೆ ಕರುಳಿನ ಒಳಪದರ ನೋಡಲು ಮಾಗಿದಂತಿದ್ದರೂ ಹಳೆಯ ಉರಿಯೂತವನ್ನು ನೆನಪಿಟ್ಟುಕೊಂಡ ಟಿ ಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶಗಳು) ಅಲ್ಲೇ ಉಳಿದಿರುತ್ತವೆ. ಮಾತ್ರೆ ಉರಿಯೂತವನ್ನು ತಗ್ಗಿಸಿ ಇಟ್ಟಿತ್ತು, ಕಾಯಿಲೆಯನ್ನು ಬೇರುಸಹಿತ ಕಿತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ರಕ್ತ, ಲೋಳೆ, ರಾತ್ರಿಯೆಲ್ಲ ಎದ್ದೆದ್ದು ಓಡುವುದು. ಕರುಳಿನಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿರಬೇಕು, ನನ್ನದು 900 ದಾಟಿತ್ತು. ಅದು ಬರುವುದು ಮುಖ್ಯವಾಗಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಿಂದ. ಅಂದರೆ ಅವು ಗುಂಪುಗುಂಪಾಗಿ ಕರುಳಿಗೆ ನುಗ್ಗಿದ್ದವು. ಮೆಸಲಮೈನ್ ಒಂದರಲ್ಲೇ ನಿಂತಿದ್ದ ಕಾಯಿಲೆಗೆ ಸ್ಟೀರಾಯ್ಡ್ ಬೇಕಾಯಿತು, ಆಮೇಲೆ ಇಮ್ಯುನಿಟಿಯನ್ನೇ ತಗ್ಗಿಸುವ ಅಜಥಿಯೊಪ್ರಿನ್ ಮಾತ್ರೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತೇನೆ. ನಮಗೆ ಇಮ್ಯುನಿಟಿ ಕಡಿಮೆಯಾಗಿ ಕೊಲೈಟಿಸ್ ಬಂದದ್ದಲ್ಲ. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸುಮ್ನೆ ಬದುಕಿರುತ್ತವೆ, ಅವುಗಳ ತಂಟೆಗೆ ಹೋಗದಂತೆ ನಿಯಂತ್ರಕ ಟಿ ಕೋಶಗಳು ಉಳಿದ ರೋಗನಿರೋಧಕ ಕೋಶಗಳನ್ನು ತಡೆದಿಡುತ್ತವೆ. ನಮ್ಮಲ್ಲಿ ಆ ತಡೆ ಸಾಲದು. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಟಿಎನ್‌ಎಫ್, ಐಎಲ್-23 ಥರದ ಉರಿಯೂತ ಹೆಚ್ಚಿಸುವ ಸಂಕೇತ ಪ್ರೋಟೀನ್‌ಗಳನ್ನು ಸುರಿಸುತ್ತವೆ, ಟಿ ಕೋಶಗಳು ಕೆರಳುತ್ತವೆ, ಹಿಂದೆಯೇ ನ್ಯೂಟ್ರೊಫಿಲ್‌ಗಳು ಬಂದು ಒಳಪದರವನ್ನೇ ಹುಣ್ಣು ಮಾಡುತ್ತವೆ. ಇಂಥದ್ದಕ್ಕೆ ಇನ್ನಷ್ಟು ಶಕ್ತಿ ತುಂಬಬೇಕಾ ಹೇಳಿ? ಮುಂದಿನ ಹಂತದ ಔಷಧಿಗಳನ್ನೇ ನೋಡಿ. ಇನ್‌ಫ್ಲಿಕ್ಸಿಮ್ಯಾಬ್ ಟಿಎನ್‌ಎಫ್ ಅನ್ನು ಹಿಡಿದು ಹಾಕುತ್ತದೆ. ವೆಡೊಲಿಜುಮ್ಯಾಬ್ ಟಿ ಕೋಶಗಳು ರಕ್ತದಿಂದ ಕರುಳಿಗೆ ಇಳಿಯುವ ದಾರಿ ಮುಚ್ಚುತ್ತದೆ. ಇಮ್ಯುನಿಟಿ ಹೆಚ್ಚಿಸುವಂಥದ್ದು ಒಂದೂ ಇಲ್ಲ. ಇನ್‌ಫ್ಲಿಕ್ಸಿಮ್ಯಾಬ್‌ಗೆ ಮುಂಚೆ ಟಿಬಿ ಪರೀಕ್ಷೆ ಮಾಡಿಸುವುದೂ ಇದಕ್ಕೇ, ಅಡಗಿರುವ ಟಿಬಿಯನ್ನು ಕಟ್ಟಿಹಾಕಲು ಅದೇ ಟಿಎನ್‌ಎಫ್ ಬೇಕು.

ಅಮೃತಬಳ್ಳಿಯಿಂದಲೇ ನನಗೆ ಜಾಸ್ತಿಯಾಯಿತು ಅಂತ ಹೇಳಲಾರೆ, ಮಾತ್ರೆ ಬಿಟ್ಟದ್ದೇ ಸಾಕಿತ್ತು. ಆದರೆ ಅದನ್ನು ಕುಡಿದವರ ಲಿವರ್‌ಗೆ ತಮ್ಮದೇ ರೋಗನಿರೋಧಕ ಕೋಶಗಳಿಂದ ಏಟು ಬಿದ್ದಂತಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನಂತೂ ಮುಟ್ಟುವುದಿಲ್ಲ.

ಮಾತ್ರೆ ಕಡಿಮೆ ಮಾಡಲೇಬೇಕು ಅನ್ನಿಸಿದರೆ ಮೊದಲು ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ, ರಿಪೋರ್ಟ್ ಹಿಡಿದು ಗ್ಯಾಸ್ಟ್ರೊ ಡಾಕ್ಟರ ಹತ್ತಿರ ಹೋಗಿ. ಈಗಾಗಲೇ ಬಿಟ್ಟಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ಹೇಳಿಬಿಡಿ.