ಲಿನೆಟ್ ವುಡರ್ಡ್ ಅವರ 3,649 ಅಂಕಗಳು ಎಲ್ಲಿ ಹೋದವು?

ಓದುಗರ ಪತ್ರ: ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಇದುವರೆಗೆ ಅತಿ ಹೆಚ್ಚು ಅಂಕ ಗಳಿಸಿದವರು ಐಯೊವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ, ಕ್ಲಾರ್ಕ್ ದಾಖಲೆ ಮುರಿದದ್ದು ಕೆಲ್ಸಿ ಪ್ಲಮ್ ಅವರದೆಂದೂ ಹೇಳಿದ್ದೀರಿ. ಅವರಿಬ್ಬರಿಗಿಂತ ಬಹಳ ಹಿಂದೆ ಲಿನೆಟ್ ವುಡರ್ಡ್ ಎಂಬಾಕೆಯ ಬಗ್ಗೆ ಓದಿದ ನೆನಪು ನನಗಿದೆ. ಆಕೆಯ ದಾಖಲೆ ಏನಾಯಿತು? ಕಾಲೇಜು ಮುಗಿದ ಮೇಲೆ ಆಕೆಯ ಸದ್ದೇ ಇಲ್ಲವಲ್ಲ? – ದಾವಣಗೆರೆಯ ಓದುಗರೊಬ್ಬರು

ಮಾನ್ಯರೇ,

ನಿಮ್ಮ ನೆನಪು ಸರಿಯಾಗಿದೆ, ತಪ್ಪಿದ್ದು ನಮ್ಮ ವಾಕ್ಯ. ‘ಇದುವರೆಗೆ’ ಎಂದು ಬರೆಯುವ ಮೊದಲು ಲೆಕ್ಕ ಯಾವ ವರ್ಷದಿಂದ ಆರಂಭವಾಗಿದೆ ಎಂಬುದನ್ನು ನಾವು ನೋಡಬೇಕಿತ್ತು.

ವುಡರ್ಡ್ 1977ರಿಂದ 1981ರವರೆಗೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಪರವಾಗಿ 139 ಪಂದ್ಯಗಳನ್ನಾಡಿ 3,649 ಅಂಕ ಗಳಿಸಿದರು. ಆಗ ಮಹಿಳೆಯರ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ ಪ್ರತ್ಯೇಕ ಸಂಸ್ಥೆ. ಪುರುಷರ ಕಾಲೇಜು ಕ್ರೀಡೆಯನ್ನಷ್ಟೇ ನೋಡಿಕೊಳ್ಳುತ್ತಿದ್ದ ಎನ್‌ಸಿಎಎ ಎಂಬ ಸಂಸ್ಥೆ 1981–82ರಲ್ಲಿ ಮಹಿಳೆಯರಿಗೂ ಚಾಂಪಿಯನ್‌ಷಿಪ್ ಆರಂಭಿಸಿತು, ಎಐಎಡಬ್ಲ್ಯು ಬಾಗಿಲು ಹಾಕಿತು. ಹೊಸ ಯಜಮಾನರು ಮನೆಯನ್ನು ವಹಿಸಿಕೊಂಡರೇ ಹೊರತು ಹಳೆಯ ಲೆಕ್ಕದ ಪುಸ್ತಕವನ್ನು ವಹಿಸಿಕೊಳ್ಳಲಿಲ್ಲ. ಹೀಗಾಗಿ 2024ರ ಫೆಬ್ರುವರಿ 15ರಂದು ಕ್ಲಾರ್ಕ್ ಅವರು ಪ್ಲಮ್ ಅವರ 3,527 ಅಂಕಗಳನ್ನು ದಾಟಿದಾಗಲೇ ಹೊಸ ದಾಖಲೆಯೆಂದು ಘೋಷಣೆಯಾಯಿತು. ವುಡರ್ಡ್ ಅವರ ಮೊತ್ತವನ್ನು ಅವರು ದಾಟಿದ್ದು ಸುಮಾರು ಎರಡು ವಾರಗಳ ನಂತರ, ಫೆಬ್ರುವರಿ 28ರಂದು, ಮಿನೆಸೋಟದ ವಿರುದ್ಧದ ಪಂದ್ಯದಲ್ಲಿ. ನಿಜವಾದ ದಾಖಲೆ ವುಡರ್ಡ್ ಅವರದೇ ಎಂದು ಐಯೊವಾದ ಆಗಿನ ತರಬೇತುದಾರರಾದ ಲೀಸಾ ಬ್ಲೂಡರ್ ಬಹಿರಂಗವಾಗಿಯೇ ಹೇಳಿದ್ದರು ಎಂಬುದನ್ನು ಗಮನಿಸಿದರೆ, ನಮ್ಮ ಅಜಾಗರೂಕತೆಗೆ ನೆಪವೂ ಉಳಿಯುವುದಿಲ್ಲ.

ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೂ ಸುಲಭವಲ್ಲ. ವುಡರ್ಡ್ ಆಡಿದ್ದು ಪುರುಷರು ಬಳಸುವ ಅಳತೆಯ ಚೆಂಡಿನಲ್ಲಿ. ಸುತ್ತಳತೆಯಲ್ಲಿ ಒಂದಂಗುಲ ಕಡಿಮೆಯಿರುವ, ಹಗುರವಾದ ಚೆಂಡು ಮಹಿಳಾ ಕಾಲೇಜು ಆಟಕ್ಕೆ ಬಂದದ್ದು 1984ರಲ್ಲಿ. ಆಚೆಯಿಂದ ಎಸೆದು ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ ಕೊಡುವ ಗೆರೆಯಂತೂ 1987ರವರೆಗೆ ಅಂಕಣದಲ್ಲಿ ಇರಲೇ ಇಲ್ಲ. ಇಂದು ಕ್ಲಾರ್ಕ್ ಎಸೆಯುವಷ್ಟೇ ದೂರದಿಂದ ವುಡರ್ಡ್ ಬುಟ್ಟಿಗೆ ಚೆಂಡು ಹಾಕಿದ್ದರೂ ಸಿಗುತ್ತಿದ್ದುದು ಎರಡೇ ಅಂಕ. ಕ್ಲಾರ್ಕ್ ಕೂಡ ಸರಿಯಾಗಿ 139 ಪಂದ್ಯಗಳನ್ನೇ ಆಡಿದ್ದಾರೆ. ಅವರ 3,951 ಅಂಕಗಳಲ್ಲಿ 548 ಮೂರು ಅಂಕದ ಎಸೆತಗಳು ಸೇರಿವೆ. ಎಸೆತಕ್ಕೊಂದರಂತೆ 548 ಅಂಕ ಕಳೆದರೆ ಉಳಿಯುವುದು 3,403. ಇದು ಕ್ಲಾರ್ಕ್ ಅವರನ್ನು ಕುಗ್ಗಿಸಲು ಹೇಳುತ್ತಿರುವ ಮಾತಲ್ಲ. ಗೆರೆ ಇದ್ದುದರಿಂದಲೇ ಅವರು ಅಷ್ಟು ದೂರದ ಎಸೆತವನ್ನು ಕರಗತ ಮಾಡಿಕೊಂಡರು, ಗೆರೆ ಇಲ್ಲದಿದ್ದರೆ ಬೇರೆ ರೀತಿಯಲ್ಲಿ ಆಡುತ್ತಿದ್ದರು.

ಕ್ಯಾನ್ಸಸ್‌ನ ವಿಚಿಟಾ ನಗರದಲ್ಲಿ 1959ರಲ್ಲಿ ಹುಟ್ಟಿದ ವುಡರ್ಡ್, ಚಿಕ್ಕಂದಿನಲ್ಲಿ ಅಣ್ಣನೊಂದಿಗೆ ಕಾಲುಚೀಲಗಳನ್ನು ಉಂಡೆ ಕಟ್ಟಿ ಅದನ್ನೇ ಚೆಂಡಾಗಿಸಿಕೊಂಡು ಎಸೆತ ಕಲಿತವರು. ಆರಡಿ ಎತ್ತರದ ಅವರು ಬುಟ್ಟಿಯ ಕೆಳಗೆ ನಿಂತು ಕಾಯುವ ಆಟಗಾರ್ತಿಯಷ್ಟೇ ಆಗಿರಲಿಲ್ಲ; ಎದುರಾಳಿಯ ಕೈಯಿಂದ ಚೆಂಡನ್ನು ಕಸಿದು ತಾವೇ ಇನ್ನೊಂದು ತುದಿಯವರೆಗೆ ಓಡಿ ಅಂಕ ಗಳಿಸುತ್ತಿದ್ದರು. ತರಬೇತುದಾರರಾದ ಮೇರಿಯನ್ ವಾಷಿಂಗ್ಟನ್ ಅವರ ಕೈಕೆಳಗೆ ಮೊದಲ ವರ್ಷದಲ್ಲೇ ರೀಬೌಂಡ್‌ನಲ್ಲಿ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ, ದೇಶಕ್ಕೆ ಮೊದಲಿಗರಾದರು, ಕಾಲೇಜಿನ ನಾಲ್ಕೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಯರ ಪಟ್ಟಿಯಾದ ಆಲ್-ಅಮೆರಿಕನ್ ತಂಡಕ್ಕೆ ಆಯ್ಕೆಯಾದರು.

ಇನ್ನು ಕಾಲೇಜಿನ ನಂತರದ ‘ಸದ್ದಿಲ್ಲದ’ ಬದುಕಿನ ಬಗ್ಗೆ. ಸದ್ದು ಕೇಳಿಸುವಂಥ ವೇದಿಕೆ ಅವರ ದೇಶದಲ್ಲಿ ಇರಲಿಲ್ಲ: ಇದ್ದೊಂದು ವೃತ್ತಿಪರ ಲೀಗ್ ಅವರು ಪದವಿ ಮುಗಿಸಿದ 1981ರಲ್ಲೇ ನಿಂತುಹೋಗಿತ್ತು. ಮಾಸ್ಕೊ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದ್ದರೂ ಅಮೆರಿಕದ ಬಹಿಷ್ಕಾರದಿಂದ ಆ ಅವಕಾಶವೂ ತಪ್ಪಿತ್ತು. ಇಟಲಿಗೆ ಹೋಗಿ ಆಡಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ನಾಯಕಿಯಾದರು. ಮರುವರ್ಷ, ಚಮತ್ಕಾರದ ಆಟಕ್ಕೆ ಹೆಸರಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡವನ್ನು ಸೇರಿದ ಮೊದಲ ಮಹಿಳೆಯಾದರು; ಅವರ ಬಂಧು ‘ಗೀಸ್’ ಆಸ್ಬಿ ಅದೇ ತಂಡದ ಜನಪ್ರಿಯ ಆಟಗಾರರಾಗಿದ್ದರು. ಬಳಿಕ ಜಪಾನಿನಲ್ಲಿ ಆಡಿ, ನ್ಯೂಯಾರ್ಕಿನಲ್ಲಿ ಷೇರು ದಲ್ಲಾಳಿಯಾಗಿ ದುಡಿದರು. 1997ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಆರಂಭವಾದಾಗ ಅವರಿಗೆ ಮೂವತ್ತೆಂಟು ತುಂಬುವುದರಲ್ಲಿತ್ತು. ಆದರೂ ಎರಡು ಋತುಗಳು ಆಡಿದರು. ಬಾಸ್ಕೆಟ್‌ಬಾಲ್ ಸಾಧಕರನ್ನು ಗೌರವಿಸುವ ನೇಯ್‌ಸ್ಮಿತ್ ಹಾಲ್ ಆಫ್ ಫೇಮ್ 2004ರಲ್ಲಿ ಅವರನ್ನು ಸೇರಿಸಿಕೊಂಡಿತು. 2024ರ ಮಾರ್ಚ್ 3ರಂದು ಐಯೊವಾ ಸಿಟಿಯಲ್ಲಿ ಕ್ಲಾರ್ಕ್ ಎರಡು ಫ್ರೀ ಥ್ರೋ ಹಾಕಿ ಪುರುಷರ ಕಾಲೇಜು ದಾಖಲೆಯಾದ ಪೀಟ್ ಮರಾವಿಚ್ ಅವರ 3,667 ಅಂಕಗಳನ್ನೂ ದಾಟಿದ ದಿನ ವುಡರ್ಡ್ ಅದೇ ಕ್ರೀಡಾಂಗಣದಲ್ಲಿದ್ದರು.

ನೀವು ಕೇಳದಿದ್ದರೂ ಇನ್ನೊಂದು ಹೆಸರನ್ನು ಸೇರಿಸದಿದ್ದರೆ ನಮ್ಮ ತಿದ್ದುಪಡಿಯೂ ತಪ್ಪಾದೀತು. ದಕ್ಷಿಣ ಕೆರೊಲಿನಾದ ಚಿಕ್ಕ ಕಾಲೇಜಾದ ಫ್ರಾನ್ಸಿಸ್ ಮೇರಿಯನ್‌ನ ಪರ್ಲ್ ಮೂರ್ 1975ರಿಂದ 1979ರ ನಡುವೆ, ಅದಕ್ಕೂ ಮೊದಲು ಕೆಲಕಾಲ ಆಡಿದ್ದ ಜೂನಿಯರ್ ಕಾಲೇಜಿನ 177 ಅಂಕಗಳೂ ಸೇರಿ, 4,061 ಅಂಕ ಗಳಿಸಿದ್ದಾರೆ. ಅದನ್ನು ಕ್ಲಾರ್ಕ್ ದಾಟಿಲ್ಲ. ಆದ್ದರಿಂದ ಕಳೆದ ಸಂಚಿಕೆಯ ಆ ವಾಕ್ಯವನ್ನು ದಯವಿಟ್ಟು ‘ಎನ್‌ಸಿಎಎ ಮೊದಲ ವಿಭಾಗದಲ್ಲಿ (ದೊಡ್ಡ ಕಾಲೇಜುಗಳ ಮಟ್ಟದಲ್ಲಿ) ಅತಿ ಹೆಚ್ಚು ಅಂಕ ಗಳಿಸಿದವರು’ ಎಂದು ತಿದ್ದಿಕೊಂಡು ಓದಬೇಕು.

– ಸಂಪಾದಕ