ಕೇಕ್ ಬೇಡ, ಚಡ್ಡಿ ಬನಿಯನ್ ತನ್ನಿ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ಹಾಸನ ಜಿಲ್ಲೆಯಲ್ಲಿ ಕ್ರೈಸ್ತ ಸಭೆಯೊಂದರ (ಚರ್ಚಿನ) ಆಶ್ರಯದಲ್ಲಿ ಮಕ್ಕಳ ಮನೆಯನ್ನು ನಡೆಸುತ್ತಿರುವ ಮೇಲ್ವಿಚಾರಕಿ. ಮಕ್ಕಳ ಗುರುತು ಹೊರಬೀಳಬಾರದು ಎಂದು ಅವರ ಹೆಸರು, ಊರು ಹಾಕಿಲ್ಲ.

ಮುಂದಿನ ತಿಂಗಳು ನಮ್ಮ ಮಗನಿಗೆ ಐದು ವರ್ಷ ತುಂಬುತ್ತದೆ. ನಿಮ್ಮಂಥ ಕಡೆ ಬಂದು ಮಕ್ಕಳ ಜೊತೆ ಕೇಕ್ ಕತ್ತರಿಸುವ ಆಸೆ. ಫೋಟೊ ತೆಗೆಯಬಹುದಾ?
– ಓದುಗರು, ಬೆಂಗಳೂರು

ಬನ್ನಿ, ಮಗನನ್ನೂ ಕರ್ಕೊಂಡು ಬನ್ನಿ. ಫೋಟೊ ಮಾತ್ರ ಬೇಡ. ಇಂಥ ಮಕ್ಕಳ ಹೆಸರು, ಮುಖ, ಶಾಲೆ ಗೊತ್ತಾಗುವ ಹಾಗೆ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 'ಸುಮ್ನೆ ವಾಟ್ಸಾಪ್ ಸ್ಟೇಟಸ್ಸಿಗೆ ಮೇಡಂ' ಅನ್ನುವವರೇ ಜಾಸ್ತಿ. ಕಾಯ್ದೆ ಹಾಗಿರಲಿ. ಎಂಟನೇ ಕ್ಲಾಸಿನ ಹುಡುಗಿ ಮಾರನೇ ದಿನ ಶಾಲೆಗೆ ಹೋಗಬೇಕಲ್ವಾ? ಪಕ್ಕದ ಬೆಂಚಿನವಳು ಮೊಬೈಲಿನಲ್ಲಿ ಅದೇ ಫೋಟೊ ತೋರಿಸಿ 'ಇದು ನೀನೇ ಅಲ್ವಾ?' ಅಂದರೆ ಅವಳು ಎಲ್ಲಿ ಮುಖ ಇಟ್ಟುಕೊಳ್ಳಬೇಕು?

ಕೇಕಿನ ವಿಷಯ. ಕ್ರಿಸ್ಮಸ್ ವಾರದಲ್ಲಿ ನಮ್ಮಲ್ಲಿ ಒಂದೇ ದಿನ ಮಧ್ಯಾಹ್ನಕ್ಕೆ ಒಬ್ಬರ ಬಿರಿಯಾನಿ, ರಾತ್ರಿಗೆ ಇನ್ನೊಬ್ಬರದು. ಮಕ್ಕಳಿಗೆ ಹೊಟ್ಟೆ ಕೆಟ್ಟು ನಾವು ಗಂಜಿ ಬೇಯಿಸುತ್ತೇವೆ. ಜುಲೈ ತಿಂಗಳ ಜಡಿಮಳೆಯಲ್ಲಿ, ಬಟ್ಟೆ ಒಣಗದೆ ಮಕ್ಕಳು ಒದ್ದೆ ಚಡ್ಡಿಯಲ್ಲೇ ಶಾಲೆಗೆ ಹೊರಡುವಾಗ ಒಬ್ಬರೂ ಗೇಟು ತಳ್ಳುವುದಿಲ್ಲ. ಅದಕ್ಕೇ ಕೇಳುತ್ತೇನೆ, ಮುಜುಗರ ಪಡಬೇಡಿ. ಒಳಉಡುಪು ತನ್ನಿ, ಬೇರೆ ಬೇರೆ ಅಳತೆಯವು. ಹುಡುಗಿಯರಿಗೆ ಪ್ಯಾಡು, ಹವಾಯಿ ಚಪ್ಪಲಿ, ಕೊಬ್ಬರಿ ಎಣ್ಣೆ. ಇಲ್ಲವೇ ಒಂದು ತಿಂಗಳ ಗ್ಯಾಸಿನ ದುಡ್ಡು ಕಟ್ಟಿ. ಇನ್ನೊಂದು ಮಾತು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ 'ಥ್ಯಾಂಕ್ಯೂ ಅಂಕಲ್' ಹೇಳಿಸುವುದನ್ನು ನಾನು ಬಿಟ್ಟಿದ್ದೇನೆ. ನಿಮ್ಮ ಮಗ ಅವರ ಜೊತೆ ಲಗೋರಿ ಆಡಲಿ, ಸಾಕು.

ನಾನು ನಿವೃತ್ತ ಮೇಷ್ಟ್ರು. ಊರಲ್ಲಿ ಸ್ವಂತ ಸೈಟಿದೆ, ಪಿಂಚಣಿ ಬರುತ್ತದೆ, ಮಕ್ಕಳೆಲ್ಲ ಅಮೆರಿಕದಲ್ಲಿದ್ದಾರೆ. ದೇವರ ಹೆಸರಿನಲ್ಲಿ ಹತ್ತು ಅನಾಥ ಮಕ್ಕಳನ್ನು ಸಾಕೋಣ ಅಂತಿದ್ದೇನೆ. ಹೇಗೆ ಶುರು ಮಾಡಲಿ?
– ಓದುಗರು, ತುಮಕೂರು

ಸಾರ್, ನಿಮ್ಮ ಮನಸ್ಸು ದೊಡ್ಡದು. ಆದರೆ ಹಾಗೆ ಕರ್ಕೊಂಡು ಬಂದು ಇಟ್ಟುಕೊಂಡರೆ ಪೊಲೀಸರು ಬರುತ್ತಾರೆ. ಮಕ್ಕಳನ್ನಿಟ್ಟುಕೊಳ್ಳುವ ಯಾವ ಸಂಸ್ಥೆಯಾದರೂ ಅದೇ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಅಡಿ ನೋಂದಣಿಯಾಗಿರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಮಕ್ಕಳು ಬರುವುದೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ನಾವೇ ಊರೂರು ತಿರುಗಿ ಆರಿಸಿಕೊಂಡು ಬರುವ ಹಾಗಿಲ್ಲ. ಮುಂಚೆ ಹಾಗೇ ನಡೆಯುತ್ತಿತ್ತು. ಅಯ್ಯನವರು, ಅಂದರೆ ಚರ್ಚಿನ ಪಾದ್ರಿ, ಒಂದು ಹಳ್ಳಿಗೆ ಹೋದರೆ ಸಂಜೆ ಇಬ್ಬರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಿದ್ದರು. ಪುಣ್ಯದ ಕೆಲಸ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆ ಮಕ್ಕಳನ್ನು ಯಾರು ಎಲ್ಲಿಂದ ತಂದರು ಎನ್ನುವ ಕಾಗದ ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಈಗಿನ ಕಟ್ಟುನಿಟ್ಟು ನನಗೆ ತಲೆನೋವು ಹೌದು, ಆದರೂ ಇದೇ ಸರಿ.

ನಿಜವಾದ ಕಷ್ಟ ಕಾಗದದ್ದಲ್ಲ ಸಾರ್, ಜನರದ್ದು. ಅಡುಗೆಯವರು, ಆಯಾ, ವಾರ್ಡನ್, ರಾತ್ರಿ ಕಾವಲು, ಎಲ್ಲರೂ ಬೇಕು. ನಾವು ಕೊಡುವ ಸಂಬಳಕ್ಕಿಂತ ಗಾರ್ಮೆಂಟ್ಸಿನಲ್ಲಿ ಜಾಸ್ತಿ ಸಿಗುತ್ತದೆ. ಬೆಳಗಿನ ಜಾವ ಫ್ಯಾಕ್ಟರಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ, ಒಂದು ದಿನ ಆಯಾ ಅದನ್ನೇ ಹತ್ತಿ ಹೋಗಿರುತ್ತಾಳೆ. ಅವಳನ್ನು ಬೈಯ್ಯಲಾರೆ, ಅವಳಿಗೂ ಮಕ್ಕಳಿದ್ದಾರೆ. ಆದರೆ ಅವಳ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದ ಮಗು ಇನ್ನು ಒಂದು ತಿಂಗಳು ಹಾಸಿಗೆ ಒದ್ದೆ ಮಾಡುತ್ತದೆ. ದಾನ ಕೊಡುವವರು ಕಟ್ಟಡಕ್ಕೆ ಕೊಡುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ. ಆಯಾ ಸಂಬಳಕ್ಕೆ ಅಂತ ಯಾರೂ ಚೆಕ್ ಬರೆಯುವುದಿಲ್ಲ.

ಇನ್ನು ಕಜ್ಜಿ. ಒಬ್ಬನಿಗೆ ಬಂದರೆ ಹತ್ತು ಜನಕ್ಕೆ ಬಂತು ಅಂತಲೇ ಲೆಕ್ಕ. ತುರಿಕೆ ಇರುವವನಿಗೆ ಮಾತ್ರ ಮುಲಾಮು ಹಚ್ಚಿದರೆ ಹೋಗುವುದಿಲ್ಲ. ಎಲ್ಲ ಮಕ್ಕಳಿಗೂ, ಸಿಬ್ಬಂದಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಬೇಕು. ಬೆಳಿಗ್ಗೆ ಎಲ್ಲರ ಬಟ್ಟೆ, ಹೊದಿಕೆ, ದಿಂಬಿನ ಕವರು ಬಿಸಿನೀರಿಗೆ ಹಾಕಬೇಕು. ಒಂದು ವಾರ ಬಿಟ್ಟು ಮತ್ತೆ ಅದೇ. ಅವತ್ತು ಹಂಡೆಯ ಉರಿ ಆರುವುದೇ ಇಲ್ಲ. ಪಿಂಚಣಿಯಲ್ಲಿ ಇದನ್ನೆಲ್ಲ ಮಾಡುತ್ತೀರಾ ಸಾರ್?

ನನ್ನ ಸಲಹೆ ಬೇರೆ. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಅಪ್ಪನಿಲ್ಲದೆ ತಾಯಿಯ ಜೊತೆಗೇ ಇದ್ದು ಓದುವ ಬಡ ಮಗುವಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ನಿಮ್ಮ ಊರಿನ ವಿಧವೆಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅವರ ಅರ್ಜಿ ತುಂಬಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸರಿಮಾಡಿಸಿ ಕೊಡಿ. ಸಂಜೆ ನಿಮ್ಮ ಜಗಲಿಯಲ್ಲಿ ಲೆಕ್ಕ ಹೇಳಿಕೊಡಿ. ಹತ್ತಲ್ಲ, ಇಪ್ಪತ್ತು ಮಕ್ಕಳು ಹೋಮಿಗೆ ಬರುವುದೇ ತಪ್ಪುತ್ತದೆ. ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುತ್ತಿಲ್ಲ.

ಅಪ್ಪ ಅಮ್ಮ ಬದುಕಿರುವ ಮಕ್ಕಳನ್ನೂ ನೀವು ಇಟ್ಟುಕೊಳ್ಳುತ್ತೀರಂತೆ. ಇದು ಸರಿಯಾ?
– ಓದುಗರು, ಅರಸೀಕೆರೆ

ನಮ್ಮಲ್ಲಿರುವ ಬಹುತೇಕ ಮಕ್ಕಳಿಗೆ ಅಪ್ಪನೋ ಅಮ್ಮನೋ ಒಬ್ಬರಾದರೂ ಇದ್ದಾರೆ. ಅಪ್ಪ ತೀರಿಕೊಂಡು ಅಮ್ಮ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದಾಳೆ. ಅಮ್ಮ ಬಿಟ್ಟುಹೋಗಿ ಅಪ್ಪ ಕುಡಿಯುತ್ತಾನೆ. ಇಲ್ಲವೇ ಅಮ್ಮ ಬೆಂಗಳೂರಿನಲ್ಲಿ ಯಾರದೋ ಮನೆಗೆಲಸಕ್ಕಿದ್ದಾಳೆ, ಆ ಮನೆಯವರು ಹತ್ತು ವರ್ಷದ ಹೆಣ್ಣುಮಗುವನ್ನು ಜೊತೆಗಿಟ್ಟುಕೊಳ್ಳಲು ಒಪ್ಪುವುದಿಲ್ಲ.

ತಿಂಗಳ ಎರಡನೇ ಭಾನುವಾರ ಅವರು ನೋಡೋಕೆ ಬರುತ್ತಾರೆ. ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ, ಕೈಯಲ್ಲಿ ಖಾರಾ ಬೂಂದಿ ಪೊಟ್ಟಣ, ಒಂದು ಡಜನ್ ಬಾಳೆಹಣ್ಣು. ಬಂದ ಕೂಡಲೇ ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿರಾ? ಬಾಗಿಲ ಹಿಂದೆ ನಿಂತು ಗೋಡೆಯ ಸುಣ್ಣ ಕೆರೆಯುತ್ತಿರುತ್ತಾಳೆ. ತಾಯಿಯೂ ಕರೆಯುವುದಿಲ್ಲ. ಚಾಪೆ ಮೇಲೆ ಕೂತು ಚೀಲದಿಂದ ಬಾಚಣಿಗೆ ತೆಗೆದು ಪಕ್ಕದಲ್ಲಿಡುತ್ತಾಳೆ, ಅಷ್ಟೆ. ಆಮೇಲೆ ನಿಧಾನಕ್ಕೆ ಹುಡುಗಿ ಬಂದು ಬೆನ್ನು ಹಾಕಿ ಕೂರುತ್ತಾಳೆ, ತಾಯಿ ಹೇನು ತೆಗೆದು ಜಡೆ ಹಾಕುತ್ತಾಳೆ. ಜಡೆ ಮುಗಿದ ಮೇಲೇ ಮಾತು. ಸಂಜೆ ಬಸ್ಸಿನ ಹೊತ್ತಿಗೆ ಇಬ್ಬರನ್ನೂ ಬಿಡಿಸುವುದೇ ನಮಗೆ ದೊಡ್ಡ ಕೆಲಸ.

ಇದನ್ನು ನೋಡಿದ ಮೇಲೂ 'ನಾವೇ ಚೆನ್ನಾಗಿ ನೋಡ್ಕೊಳ್ತೀವಿ, ಇಲ್ಲೇ ಇರಲಿ' ಅಂತ ಹೇಳುವ ಹೋಮುಗಳಿವೆ. ತಲೆ ಎಣಿಸಿ ದೇಣಿಗೆ ಬರುವ ಕಡೆ ಇದು ಇನ್ನೂ ಜಾಸ್ತಿ. ಮಗು ಮನೆಗೆ ವಾಪಸ್ ಹೋದರೆ ರಿಜಿಸ್ಟರಿನಲ್ಲಿ ಒಂದು ಹೆಸರು ಕಮ್ಮಿ, ಹೋಮಿನ ಆಡಳಿತ ಸಮಿತಿ ಸಭೆಯಲ್ಲಿ 'ಯಾಕೆ ಇಳಿದಿದೆ?' ಅಂತ ಪ್ರಶ್ನೆ. ಇಳಿಯಲಿ ಬಿಡಿ. ತಾಯಿಗೊಂದು ಬಾಡಿಗೆ ಕೋಣೆ, ಹತ್ತಿರದಲ್ಲೊಂದು ಸರ್ಕಾರಿ ಹಾಸ್ಟೆಲು ಸಿಕ್ಕರೆ ನಾನೇ ಕಲ್ಯಾಣ ಸಮಿತಿಗೆ ಬರೆದು ಕಳಿಸಿಕೊಡುತ್ತೇನೆ.

ನೇರವಾಗಿ ಕೇಳುತ್ತೇನೆ. ಅನ್ನ ಹಾಕಿ ಮತಾಂತರ ಮಾಡುತ್ತೀರಾ?
– ಹೆಸರು ಬೇಡ, ಧಾರವಾಡ

ನೇರವಾಗಿ ಹೇಳುತ್ತೇನೆ. ಇಲ್ಲ. ಗೋಡೆಯ ಮೇಲೆ ಶಿಲುಬೆ ಇದೆ, ಬೆಳಿಗ್ಗೆ ಸಂಜೆ ಪ್ರಾರ್ಥನೆ ಇದೆ, ಮುಚ್ಚಿಡುವುದೇನಿಲ್ಲ. ಬೇರೆ ಧರ್ಮದ ಮಕ್ಕಳು ಆ ಹೊತ್ತಿನಲ್ಲಿ ಓದಿಕೊಳ್ಳಬಹುದು. ಹಾಡು ಚೆನ್ನಾಗಿದೆ ಅಂತ ಬಂದು ಕೂರುವವರೂ ಇದ್ದಾರೆ, ಹೋಮ್‌ವರ್ಕ್ ತಪ್ಪಿಸಿಕೊಳ್ಳಲು ಬಂದು ಕೂರುವವರೂ ಇದ್ದಾರೆ. ಗೌರಿ ಗಣೇಶನಿಗೆ ಅಜ್ಜಿ ಮನೆಗೆ ಹೋದವರು ನಮಗೂ ಕಡುಬು ತರುತ್ತಾರೆ.

ಇದರಲ್ಲಿ ಇನ್ನೊಂದು ವಿಷಯವಿದೆ, ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನಮಾನ. ಪರಿಶಿಷ್ಟ ಜಾತಿಯ ಮಗುವಿನ ದಾಖಲೆಯಲ್ಲಿ 'ಕ್ರೈಸ್ತ' ಅಂತ ಬಿದ್ದರೆ ಅದರ ಪರಿಶಿಷ್ಟ ಜಾತಿ ಮೀಸಲಾತಿಯೇ ಹೋಗುತ್ತದೆ. ಶಾಲೆಗೆ ಸೇರಿಸುವಾಗ ಗುಮಾಸ್ತರು ನಮ್ಮ ವಿಳಾಸ ನೋಡಿ ತಾವೇ ಹಾಗೆ ಬರೆದುಬಿಟ್ಟಿದ್ದುಂಟು. ಅದನ್ನು ತಿದ್ದಿಸಲು ತಹಶೀಲ್ದಾರ್ ಕಚೇರಿಗೆ ಅಲೆದವಳು ನಾನೇ. ನಿಮ್ಮ ಅನುಮಾನ ತಪ್ಪು ಅನ್ನಲ್ಲ. ಬಂದು ರಿಜಿಸ್ಟರ್ ಕೇಳುವ ಅಧಿಕಾರಿಗಳಿಗೆ ತೋರಿಸುತ್ತೇವೆ, ನಮ್ಮ ಜೊತೆ ಕೂತು ಊಟ ಮಾಡುವುದಾದರೆ ನೀವೂ ಬನ್ನಿ.

ನಿಮಗೇನಮ್ಮ ಚಿಂತೆ, ಫಾರಿನ್ ದುಡ್ಡು ಬರುತ್ತಲ್ಲ!
– ಓದುಗರು, ಕಡೂರು

ನಿಮ್ಮ ಬಾಯಿಗೆ ಸಕ್ಕರೆ ಹಾಕ. ನಮ್ಮಜ್ಜಿ ಮುಲ್ಕಿಯಲ್ಲಿ ಬಾಸೆಲ್ ಮಿಷನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಬೆಳೆದವರು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಮಿಷನ್ ಅದು. ಆ ಕಾಲಕ್ಕೆ ಹೊರದೇಶದ ಹಣ ಬರುತ್ತಿತ್ತು ನಿಜ. ಈಗ ವಿದೇಶಿ ದೇಣಿಗೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಬೇರೆ ನೋಂದಣಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವ ಹಾಗಿಲ್ಲ. ನಮ್ಮಂಥ ಸಣ್ಣ ಹೋಮುಗಳಿಗೆ ದೊಡ್ಡ ಸಂಸ್ಥೆಗಳಿಂದ ಬರುತ್ತಿದ್ದ ಹನಿ ಅಲ್ಲಿಗೆ ನಿಂತಿತು.

ಈಗ ನಡೆಯುವುದು ಸಭೆಯವರಿಂದ. ಸುಗ್ಗಿ ಹಬ್ಬದಲ್ಲಿ ಚರ್ಚಿಗೆ ತಂದ ಬೆಳೆ ಹರಾಜಾಗುತ್ತದಲ್ಲ, ಆ ದುಡ್ಡಿನಲ್ಲಿ ನಮಗೆ ಪಾಲು. ಹರಾಜಾಗದ ಕುಂಬಳಕಾಯಿಗಳೂ ನಮಗೇ! ಹದಿನೈದು ದಿನ ಕುಂಬಳದ ಹುಳಿ, ಕುಂಬಳದ ಪಲ್ಯ. ಹೆಂಗಸರ ಕೂಟದವರು ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ ತಿಂಗಳ ಕೊನೆಗೆ ಕೊಡುತ್ತಾರೆ. ದಪ್ಪಕ್ಕಿ, ಸೋನಾ ಮಸೂರಿ, ರೇಷನ್ ಅಕ್ಕಿ ಎಲ್ಲ ಕಲೆತಿರುತ್ತದೆ. ಒಂದು ಬೆಂದರೆ ಇನ್ನೊಂದು ಮುದ್ದೆಯಾಗಿರುತ್ತದೆ. ಅಡುಗೆಯಮ್ಮ ಅದನ್ನು ಹಿಟ್ಟು ಮಾಡಿಸಿ ಅಕ್ಕಿರೊಟ್ಟಿ ಮಾಡುತ್ತಾರೆ.

ಹಣ ಕೇಳಲು ಹೋದಾಗ ಕೆಲವು ಹಿರಿಯರು ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ಕತೆ ಹೇಳುತ್ತಾರೆ. ಸಾವಿರಾರು ಅನಾಥರನ್ನು ಸಾಕಿದ, ಯಾರ ಹತ್ತಿರವೂ ಕೈಚಾಚಲಿಲ್ಲ, ಬರೀ ಪ್ರಾರ್ಥನೆ ಮಾಡಿದ ಅಂತ. ಹೌದು, ಮಾಡಿದರು. ಜೊತೆಗೆ ಪ್ರತಿ ವರ್ಷ ಬಂದದ್ದು ಹೋದದ್ದರ ವರದಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರು. ಈ ಎರಡನೇ ಭಾಗವನ್ನು ನಮ್ಮ ಹಿರಿಯರು ಹೇಳುವುದೇ ಇಲ್ಲ. ನಾನು ಎರಡೂ ಮಾಡುತ್ತೇನೆ. ದಿನಸಿ ಅಂಗಡಿಯ ಸಾಲದ ಪಟ್ಟಿಯನ್ನೂ ವರದಿಯಲ್ಲಿ ಹಾಕುತ್ತೇನೆ.

ಕರ್ನಾಟಕದ ಹೆಣ್ಣುಮಗಳು ಯಾರಾದರೂ ಹಿಂದೆ ಇಂಥ ಕೆಲಸ ಮಾಡಿದ್ದಾರಾ?
– ಪಿಯುಸಿ ವಿದ್ಯಾರ್ಥಿನಿ, ಕಾರ್ಕಳ

ನಿಮ್ಮ ಊರ ಪಕ್ಕದವರೇ ಇದ್ದಾರಲ್ಲ. ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು, ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ. ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡರು. ಮುಂದೆ ಕ್ರೈಸ್ತರಾದರು. 1896ರ ನಂತರದ ಬರದಲ್ಲಿ ಹಸಿದ ಹುಡುಗಿಯರನ್ನು ತಾವೇ ಹೋಗಿ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ಮುಕ್ತಿ ಮಿಷನ್ ಅಂತ ಇವತ್ತಿಗೂ ಅಲ್ಲಿದೆ.

ಇಷ್ಟೆಲ್ಲ ಕಷ್ಟ ಹೇಳುತ್ತೀರಿ. ಖುಷಿ ಏನೂ ಇಲ್ಲವಾ?
– ಓದುಗರು, ಸಾಗರ

ಹೊಸದಾಗಿ ಬಂದ ಮಗು ದಿಂಬಿನ ಕೆಳಗೆ ಚಪಾತಿ ಬಚ್ಚಿಡುತ್ತದೆ. ನಾಳೆ ಸಿಗುತ್ತೋ ಇಲ್ಲವೋ ಎಂಬ ಭಯ. ನಾವು ಬೈಯುವುದಿಲ್ಲ, ಇರುವೆ ಮುತ್ತಿದರೆ ಸುಮ್ನೆ ಗುಡಿಸುತ್ತೇವೆ. ಒಂದು ದಿನ ಹಾಸಿಗೆ ಕೊಡವಿದಾಗ ಏನೂ ಬೀಳುವುದಿಲ್ಲ. ಅವತ್ತು ನಾನೂ ಆಯಾನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

ಇನ್ನೊಂದು. ಇಲ್ಲಿ ಬೆಳೆದು ನರ್ಸಿಂಗ್ ಓದಿ ಮದುವೆಯಾದ ಹುಡುಗಿ ಮೊದಲ ಹೆರಿಗೆಗೆ ನಮ್ಮ ಹತ್ತಿರವೇ ಬಂದಳು. ತವರು ಅಂತ ಅವಳಿಗೆ ಇರುವುದು ಇದೊಂದೇ. ಹದಿನೆಂಟು ದಾಟಿದವರನ್ನು ಹೋಮಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ನಿಯಮ ನಿಯಮವೇ. ನನ್ನ ಕ್ವಾರ್ಟರ್ಸಿನ ಒಂದು ಕೋಣೆ ಖಾಲಿ ಮಾಡಿ ಬಾಣಂತನ ಮಾಡಿದೆವು. ಮೆಂತ್ಯದ ಲೇಹ್ಯ ಕಾಯಿಸಿದ್ದು ಅಡುಗೆಯಮ್ಮ. ಸಣ್ಣ ಹುಡುಗಿಯರೆಲ್ಲ ಕಿಟಕಿಗೆ ಜೋತುಬಿದ್ದು 'ನಾವೆಲ್ಲ ಚಿಕ್ಕಮ್ಮ ಆದ್ವಿ' ಅಂತ ಜಗಳ. ಅಳಿಯಂದಿರು ಬಂದಾಗ ಕೋಳಿ ಕೊಯ್ಯಲೇಬೇಕಲ್ಲ, ಆ ಬಿಲ್ಲನ್ನು ಯಾವ ಖಾತೆಗೆ ಹಾಕುವುದು ಅಂತ ಖಜಾಂಚಿಗಳು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ನಮಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ನಾವೂ ಕ್ರೈಸ್ತರೇ. ನಿಮ್ಮಲ್ಲಿಂದ ಒಂದು ಹೆಣ್ಣುಮಗು ಕೊಡುತ್ತೀರಾ?
– ದಂಪತಿ, ಶಿವಮೊಗ್ಗ

ನಾವು ಕೊಡುವ ಹಾಗಿಲ್ಲಮ್ಮ. ಯಾವ ಹೋಮಾದರೂ, ಆಸ್ಪತ್ರೆಯಾದರೂ, ಎಷ್ಟೇ ಪರಿಚಯದ ಅಯ್ಯನವರಾದರೂ ಹಾಗೆ ಕೈಗೆ ಮಗು ಕೊಡುತ್ತೇವೆ ಅಂದರೆ ನಂಬಬೇಡಿ. ಹಿಂದೆ ಕ್ರೈಸ್ತರಿಗೆ ದತ್ತು ಕಾನೂನೇ ಇರಲಿಲ್ಲ, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಬರೀ ಪಾಲಕರು (ಗಾರ್ಡಿಯನ್) ಆಗಬಹುದಿತ್ತು. ಈಗ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು. ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ'ದ ವೆಬ್‌ಸೈಟಿನಲ್ಲಿ ನೀವೇ ಹೆಸರು ನೋಂದಾಯಿಸಬೇಕು. ಮನೆ ನೋಡಲು ಬರುತ್ತಾರೆ. 2022ರಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಎರಡು ವರ್ಷದೊಳಗಿನ ಕೂಸೇ ಬೇಕು ಅಂದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಆರು, ಏಳು ವರ್ಷದ ಮಗುವಾದರೂ ಆಗಬಹುದಾ ಅಂತ ಮನೆಯಲ್ಲಿ ಒಂದು ಸಲ ಮಾತಾಡಿಕೊಳ್ಳಿ, ಆ ಸಾಲು ಅಷ್ಟು ಉದ್ದ ಇಲ್ಲ.