ಒಂದೇ ಕವರಲ್ಲಿ ಗಂಡ ಹೆಂಡತಿ ಕಳಿಸಿದ ಎರಡು ಪ್ರಶ್ನೆ: ಕ್ಯಾರವಾನ್‌ನಲ್ಲಿ ಕೇರ್ನ್ಸ್‌ಗೆ ಹೋಗಬಹುದಾ?

ಪ್ರಶ್ನೆ: ಸರ್, ನಾನು ಬ್ಯಾಂಕಲ್ಲಿದ್ದೆ, ಮನೆಯವರು ಟೀಚರ್ ಆಗಿದ್ರು, ಈಗ ಇಬ್ಬರೂ ರಿಟೈರ್ಡ್. ಮಗಳು ಅಳಿಯ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದಾರೆ, ಡಿಸೆಂಬರ್‌ಗೆ ಹೊರಟಿದೀವಿ. ಅಳಿಯನ ಹತ್ರ ದೊಡ್ಡ ಗಾಡಿ ಇದೆ, ಅದರ ಹಿಂದೆ ಒಂದು ಬಾಡಿಗೆ ಕ್ಯಾರವಾನ್, ಅಂದ್ರೆ ಎಳ್ಕೊಂಡು ಹೋಗೋ ಚಕ್ರದ ಮನೆ, ಸಿಗಿಸ್ಕೊಂಡು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸಮುದ್ರ ತೀರದುದ್ದಕ್ಕೂ ಉತ್ತರದ ಕೇರ್ನ್ಸ್ ಊರಿನವರೆಗೆ ನಾವಿಬ್ಬರೇ ಹೋಗಿ ಬರೋಣ ಅಂತ ಆಸೆ. ಹತ್ತು ದಿನ ಸಾಕಾಗುತ್ತಾ? ಡ್ರೈವಿಂಗ್ ಬಗ್ಗೆ ಚಿಂತೆ ಇಲ್ಲ, ಮೂವತ್ತು ವರ್ಷದಿಂದ ಓಡಿಸ್ತಿದೀನಿ.

ಉತ್ತರ: ಯಜಮಾನ್ರೇ, ಆಸೆ ಸರಿ ಇದೆ, ತಿಂಗಳು ಸರಿ ಇಲ್ಲ. ಆ ಕಡೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಮಳೆನೂ ಆವಾಗಲೇ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಕೇರ್ನ್ಸ್ ಸುತ್ತಮುತ್ತ ಎಲ್ಲಾ ನೀರು, ಅಲ್ಲಿಂದ ಪೋರ್ಟ್ ಡಗ್ಲಸ್‌ಗೆ ಸಮುದ್ರದ ಅಂಚಲ್ಲೇ ಹೋಗೋ ಕ್ಯಾಪ್ಟನ್ ಕುಕ್ ಹೈವೇ ಮೇಲೆ ಗುಡ್ಡ ಕುಸಿದು ರಸ್ತೆನೇ ಬಂದ್ ಆಗಿತ್ತು. 2025ರ ಫೆಬ್ರವರಿಯಲ್ಲಿ ಟೌನ್ಸ್‌ವಿಲ್‌ನಿಂದ ಇಂಗಮ್‌ಗೆ ಹೋಗೋ ದಾರಿಯಲ್ಲಿ ಒಂದು ಸೇತುವೆ ಪ್ರವಾಹಕ್ಕೆ ಮುರಿದು ಬ್ರೂಸ್ ಹೈವೇನೇ ಕಟ್ ಆಯ್ತು, ನೀವು ಹೋಗ್ಬೇಕಾಗಿರೋದೂ ಅದೇ ಹೈವೇ. ಇನ್ನೂ ಅನುಮಾನ ಇದ್ರೆ ಟಲ್ಲಿ ಅನ್ನೋ ಊರಲ್ಲಿ 7.9 ಮೀಟರ್ ಎತ್ತರದ ಒಂದು ಗಂಬೂಟ್ ನಿಲ್ಲಿಸಿದಾರೆ, 1950ರಲ್ಲಿ ಒಂದೇ ವರ್ಷದಲ್ಲಿ ಆ ಊರಲ್ಲಿ ಬಿದ್ದ ಮಳೆಯ ಅಳತೆ ಅದು.

ನಮ್ಮಲ್ಲಿ ಮಳೆ ಹೊಯ್ಯೋ ಜೂನ್‌ನಿಂದ ಸೆಪ್ಟೆಂಬರ್ ಇದೆಯಲ್ಲ, ಅಲ್ಲಿ ಅದೇ ಒಳ್ಳೆ ಕಾಲ, ಬಿಸಿಲು ಹದವಾಗಿರುತ್ತೆ, ಸೆಕೆ ಕಮ್ಮಿ. ಟಿಕೆಟ್ ಮುಂದೂಡೋಕಾಗುತ್ತಾ ನೋಡಿ. ಆದ್ರೆ ಆಗ ದಕ್ಷಿಣದ ಚಳಿ ತಪ್ಪಿಸ್ಕೊಳ್ಳೋಕೆ ಅಲ್ಲಿನ ರಿಟೈರ್ಡ್ ಜನ ಎಲ್ಲಾ ಕ್ಯಾರವಾನ್ ಎಳ್ಕೊಂಡು ಉತ್ತರಕ್ಕೆ ಬರ್ತಾರೆ, ಗ್ರೇ ನೋಮ್ಯಾಡ್ಸ್, ಅಂದ್ರೆ ನರೆಗೂದಲ ಅಲೆಮಾರಿಗಳು ಅಂತ ಅವರಿಗೆ ಹೆಸರೇ ಇದೆ, ಹಂಗಾಗಿ ರಾತ್ರಿ ಗಾಡಿ ನಿಲ್ಲಿಸಿ ಉಳಿಯೋ ಕ್ಯಾರವಾನ್ ಪಾರ್ಕ್‌ಗಳಲ್ಲಿ ಜಾಗ ಮೊದಲೇ ಬುಕ್ ಮಾಡ್ಕೊಳ್ಳಿ.

ಇನ್ನು ಹತ್ತು ದಿನ. ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಒಂದು ಕಡೆಗೇ ಸುಮಾರು 1,700 ಕಿ.ಮೀ. ವಾಪಸ್ಸೂ ಬರ್ಬೇಕಲ್ಲ! ಮಕರ ಸಂಕ್ರಾಂತಿ ವೃತ್ತ ಹಾದುಹೋಗೋದು ರಾಕ್‌ಹ್ಯಾಂಪ್ಟನ್ ಹತ್ರ, ಅಲ್ಲಿಗೆ ಮುಟ್ಟೋಕೇ 600 ಕಿ.ಮೀ. ಮೇಲಾಗುತ್ತೆ, ಅಂದ್ರೆ ನೀವು ನೋಡ್ಬೇಕು ಅಂತಿರೋ ಉಷ್ಣವಲಯದ ತೀರ ಶುರುವಾಗೋದೇ ಅಲ್ಲಿಂದ. ಹತ್ತೇ ದಿನ ಅಂದ್ರೆ ಟೌನ್ಸ್‌ವಿಲ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಕೇರ್ನ್ಸ್‌ಗೆ ಸುಮಾರು 350 ಕಿ.ಮೀ., ಅಷ್ಟನ್ನೇ ನಿಧಾನಕ್ಕೆ ಮಾಡಿ. ಕಾರ್ಡ್‌ವೆಲ್, ಮಿಷನ್ ಬೀಚ್, ಇನ್ನಿಸ್‌ಫೇಲ್, ಒಂದೊಂದು ಕಡೆ ಎರಡೆರಡು ರಾತ್ರಿ ಉಳಿದ್ರೂ ದಿನ ಮಿಗುತ್ತೆ. ಬ್ರಿಸ್ಬೇನ್‌ನಿಂದಲೇ ಗಾಡಿ ತಗೊಂಡು ಹೋಗ್ಬೇಕು ಅಂತಿದ್ರೆ ಒಂದು ತಿಂಗಳು ಇಟ್ಕೊಳ್ಳಿ, ಇಬ್ಬರೂ ರಿಟೈರ್ ಆಗಿದೀರಿ, ಯಾವ ಆಫೀಸಿಗೆ ಓಡಿ ಬರ್ಬೇಕು ಹೇಳಿ.

ಮೂವತ್ತು ವರ್ಷದ ಡ್ರೈವಿಂಗ್ ಅಂದ್ರಿ. ಅಲ್ಲೂ ಎಡಗಡೆನೇ ಓಡಿಸೋದು, ಅದು ಅನುಕೂಲ. ಆದ್ರೆ ಹಿಂದೆ ಎರಡು ಟನ್ ಎಳ್ಕೊಂಡು ಹೋಗೋದು ಬೇರೆನೇ ವಿದ್ಯೆ, ನನ್ನ ಕೇಳಿದ್ರೆ ಮೊದಲ ಸಲಕ್ಕೆ ಎಳೆಯೋದು ಬೇಡ, ಗಾಡಿ ಮನೆ ಒಂದೇ ಆಗಿರೋ ಮೋಟರ್‌ಹೋಮ್ ತಗೊಳ್ಳಿ. ಇಲ್ಲ ಕ್ಯಾರವಾನೇ ಆಗ್ಬೇಕು ಅಂದ್ರೆ ತೂಕದ ಲೆಕ್ಕ ಕಲೀಲೇಬೇಕು, ಬ್ಯಾಂಕಿನವರಿಗೆ ಅದೇನು ಕಷ್ಟ. ಅಳಿಯನ ಗಾಡಿ ಎಷ್ಟು ಎಳೀಬಹುದು ಅಂತ ಕಂಪನಿಯವರು ಬರೆದಿರ್ತಾರೆ, ಕ್ಯಾರವಾನ್ ಸಾಮಾನು ನೀರು ಎಲ್ಲಾ ಸೇರಿ ಅದನ್ನ ದಾಟಬಾರದು. ನೂರು ಲೀಟರ್ ನೀರು ತುಂಬಿಸಿದ್ರೆ ನೂರು ಕೆಜಿ ಏರಿತು ಅಂತಲೇ ಲೆಕ್ಕ. ಗಾಡಿ ಕ್ಯಾರವಾನ್ ಸೇರಿಸೋ ಕೊಂಡಿಯ ಗುಂಡಿನ ಮೇಲೆ ಕೂರೋ ಭಾರ ಕ್ಯಾರವಾನ್‌ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಇರ್ಬೇಕು ಅಂತಾರೆ. ಭಾರದ ಸಾಮಾನೆಲ್ಲಾ ಹಿಂದಕ್ಕೆ ತುಂಬಿದ್ರೆ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಕ್ಯಾರವಾನ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಆವಾಗ ಗಾಬರಿಯಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡ್ಕೊಂಡು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೀರಿ, ಕ್ಯಾರವಾನ್ ಬ್ರೇಕ್‌ಗೆ ಅಂತ ಪ್ರತ್ಯೇಕ ಕಂಟ್ರೋಲರ್ ಇದ್ರೆ ಅದನ್ನ ಮಾತ್ರ ಕೈಯಲ್ಲಿ ಹಾಕಿ. ಓಡೋವಾಗ ಕ್ಯಾರವಾನ್ ಒಳಗೆ ಯಾರೂ ಇರೋ ಹಾಗಿಲ್ಲ, ಮನೆಯವರು ಹಿಂದೆ ಮಲ್ಕೊಂಡು ಬರ್ಲಿ ಅನ್ನೋ ಯೋಚನೆ ಇದ್ರೆ ಬಿಟ್ಬಿಡಿ. ಜೂನ್‌ನಿಂದ ಕಬ್ಬು ಅರೆಯೋ ಕಾಲ ಬೇರೆ, ಕಬ್ಬು ಹೊತ್ತ ಪುಟ್ಟ ರೈಲುಗಳು ರಸ್ತೆ ದಾಟ್ತಾ ಇರ್ತವೆ, ಬೋಗಿಗಳ ಸಾಲು ಮುಗಿಯೋದೇ ಇಲ್ಲ ಅನ್ನಿಸುತ್ತೆ, ಕೆಂಪು ದೀಪ ಮಿನುಗಿದ್ರೆ ನಿಂತುಬಿಡಿ.

ಪ್ರಶ್ನೆ: ಇವರು ಬರೆದಿದ್ದು ಓದಿದೆ. ಬೇಕಾಗಿರೋದು ಒಂದೂ ಕೇಳಿಲ್ಲ. ಟಾಯ್ಲೆಟ್ ಯಾರು ಖಾಲಿ ಮಾಡ್ಬೇಕು, ಒಳಗೆ ಒಗ್ಗರಣೆ ಹಾಕಬಹುದಾ, ನನ್ನ ಬಿಪಿ ಶುಗರ್ ಮಾತ್ರೆ ಎಷ್ಟು ತಗೊಂಡು ಹೋಗಬಹುದು, ಸಮುದ್ರಕ್ಕೆ ಇಳೀಬಹುದಾ, ಇವರು ರಿವರ್ಸ್ ತೆಗೆಯೋವಾಗ ನಾನೇ ಹಿಂದೆ ನಿಂತು ಕೂಗ್ಬೇಕಾ?

ಉತ್ತರ: ಮೇಡಂ, ಟಾಯ್ಲೆಟ್ ಅವರೇ ಖಾಲಿ ಮಾಡ್ಲಿ. ಕೆಳಗೆ ಸೂಟ್‌ಕೇಸ್ ಥರದ ಒಂದು ಡಬ್ಬ ಇರುತ್ತೆ, ಹೊರಗಿನ ಸಣ್ಣ ಬಾಗಿಲಿಂದ ಎಳೆದು, ಅದಕ್ಕಂತಲೇ ಇರೋ ಡಂಪ್ ಪಾಯಿಂಟ್ ಅನ್ನೋ ಗುಂಡಿಯಲ್ಲಿ ಸುರಿದು ತೊಳೆದು ಕೆಮಿಕಲ್ ಹಾಕಿ ವಾಪಸ್ ಇಡೋದು, ಪೂರ್ತಿ ತುಂಬೋತನಕ ಕಾಯಬೇಡಿ ಅಷ್ಟೇ. ಒಗ್ಗರಣೆ ಒಳಗೆ ಬೇಡ, ಆ ಘಾಟು ಹಾಸಿಗೆಗೆ ಹತ್ತಿದ್ರೆ ಟ್ರಿಪ್ ಮುಗಿಯೋವರೆಗೂ ಹೋಗಲ್ಲ, ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಂಪ್ ಕಿಚನ್ ಅಂತ ಎಲ್ಲರೂ ಬಳಸೋ ಅಡಿಗೆಮನೆ ಇರುತ್ತೆ, ಅಲ್ಲೇ ಹಾಕಿ. ಮಾತ್ರೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು, ಡಾಕ್ಟರ್ ಚೀಟಿ ಜೊತೆಗಿರಲಿ, ಮಾತ್ರೆ ಅಂಗಡಿ ಪ್ಯಾಕೆಟ್‌ನಲ್ಲೇ ಇರಲಿ. ಉಪ್ಪಿನಕಾಯಿ ಪುಡಿ ಏನೇ ಒಯ್ದ್ರೂ ಅಲ್ಲಿ ಇಳಿಯೋ ಮೊದಲು ತುಂಬೋ ಕಾರ್ಡ್‌ನಲ್ಲಿ ಬರೆದುಬಿಡಿ, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ.

ಸಮುದ್ರದ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನೀರು ನೀಲಿಯಾಗಿ ಕರೀತಾ ಇರುತ್ತೆ, ಆದ್ರೆ ಸುಮಾರು ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿ ಅನ್ನೋ ವಿಷದ ಲೋಳೆಮೀನು ತೀರದ ಹತ್ರ ಇರುತ್ತೆ. ಇರುಕಾಂಜಿ ಅಂತ ಉಗುರಿನಷ್ಟೇ ಗಾತ್ರದ್ದೂ ಒಂದಿದೆ, ಲೋಳೆಮೀನು ಬರದ ಹಾಗೆ ಬಲೆ ಕಟ್ಟಿದ ಜಾಗದಲ್ಲೂ ಅದು ನುಸುಳಬಹುದು, ಆ ಕಾಲದಲ್ಲಿ ಮೈತುಂಬಾ ಮುಚ್ಚೋ ಸ್ಟಿಂಗರ್ ಸೂಟ್ ಇಲ್ಲದೆ ಇಳಿಯೋದು ಬೇಡ. ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟ್ಲಿ ಇಟ್ಟಿರ್ತಾರೆ, ಕುಟುಕಿದ್ರೆ ಅದನ್ನ ಸುರಿದು ಅಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡ್ಬೇಕು. ಮೊಸಳೆಗೆ ಇಂಥ ಕಾಲ ಅಂತೇನಿಲ್ಲ, ವರ್ಷಪೂರ್ತಿ ಇರುತ್ತೆ, ನದಿ ಸಮುದ್ರ ಸೇರೋ ಜಾಗದಲ್ಲಂತೂ ಮಂಡಿಯುದ್ದ ನೀರಿಗೂ ಹೋಗಬಾರದು, ನೀರಿನ ಅಂಚಿಂದ ಐದು ಮೀಟರ್ ದೂರ ಇರಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ಒಣ ಕಾಲದಲ್ಲಿ ಹೋಗಿ, ಲೈಫ್‌ಗಾರ್ಡ್ ಇರೋ ಬೀಚಲ್ಲಿ ಕೆಂಪು ಹಳದಿ ಬಾವುಟದ ನಡುವೆ ಧಾರಾಳವಾಗಿ ಇಳೀರಿ. ಮಿಷನ್ ಬೀಚ್ ಕಡೆ ಆಳೆತ್ತರದ ಕ್ಯಾಸೋವರಿ ಹಕ್ಕಿ ರಸ್ತೆಗೇ ಬರುತ್ತೆ, ಪಾಪ ಅಂತ ಬಾಳೆಹಣ್ಣು ಕೊಡೋಕೆ ಹೋಗ್ಬೇಡಿ, ಕಾನೂನೂ ಬಿಡಲ್ಲ, ಅದರ ಕಾಲಿನ ಉಗುರೂ ಬಿಡಲ್ಲ.

ರಿವರ್ಸ್‌ಗೆ ಕೂಗಾಟ ಬೇಡ. ಬುಕ್ ಮಾಡೋವಾಗಲೇ ಡ್ರೈವ್-ಥ್ರೂ ಜಾಗ ಕೇಳಿ, ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರೋದು. ಸಿಗದಿದ್ರೆ ಸ್ಟೀರಿಂಗ್‌ನ ಕೆಳಭಾಗಕ್ಕೆ ಕೈ ಇಡೋಕೆ ಹೇಳಿ, ಕ್ಯಾರವಾನ್ ಹಿಂಭಾಗ ಯಾವ ಕಡೆ ಹೋಗ್ಬೇಕೋ ಆ ಕಡೆಗೆ ಕೈ ಹೋದ್ರೆ ಆಯ್ತು. ಕೈಸನ್ನೆ ಏನೇನು ಅಂತ ಮೊದಲೇ ಮಾತಾಡ್ಕೊಳ್ಳಿ, ನೀವು ಅವರ ಕನ್ನಡಿಯಲ್ಲಿ ಕಾಣ್ತಾ ಇರ್ಬೇಕು, ಕಾಣದ ತಕ್ಷಣ ಅವರು ಗಾಡಿ ನಿಲ್ಲಿಸ್ಬೇಕು. ನಿಮಗೂ ಲೈಸೆನ್ಸ್ ಇದ್ರೆ ಜೊತೆಗೆ ಇಟ್ಕೊಂಡು ಹೋಗಿ, ಬಾಡಿಗೆ ಕಾಗದದಲ್ಲಿ ನಿಮ್ಮ ಹೆಸರೂ ಹಾಕಿಸಿ, ಆಮೇಲೆ ಬೇಕಾದ್ರೆ ಯಜಮಾನ್ರನ್ನೇ ಹಿಂದೆ ನಿಲ್ಲಿಸಿ ನೀವು ರಿವರ್ಸ್ ತೆಗೀರಿ.